ಬೇಸಿಗೆಯ ಪ್ರವಾಸ ಮತ್ತು ಶ್ರಾವಕಧರ್ಮ

ಶ್ರಾವಕನಿಗೆ ವಿಧಿಸಿದ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ಮಾತು ಜೈನ ಮನೆತನಗಳಲ್ಲಿ ಆಗಾಗ ಬರುತ್ತದೆ. ಗುಣವ್ರತಗಳ ಮಾತು ಅಷ್ಟಾಗಿ ಬರುವುದಿಲ್ಲ. ಇಂತಿಷ್ಟೇ ದೂರ ಸಂಚರಿಸುವೆನೆಂದು ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳುವ ದಿಗ್ವ್ರತ, ಪ್ರಯೋಜನವಿಲ್ಲದ ಪಾಪಕಾರ್ಯಗಳಿಂದ ದೂರವಿರುವ ಅನರ್ಥದಂಡವ್ರತ ಇವೆಲ್ಲ ಎತ್ತಿನ ಗಾಡಿಗಳಲ್ಲಿ ಸರಕು ಹೇರಿಕೊಂಡು ದೇಶಾಂತರ ಹೋಗುತ್ತಿದ್ದ ಹಿಂದಿನ ವರ್ತಕರಿಗೆ ಬೇಕಾಗಿದ್ದವು, ಇಂದಿನವರಿಗೆ ಅವುಗಳ ಸಂದರ್ಭವೇ ಇಲ್ಲ ಎಂಬ ಭಾವನೆ ಹಲವರಲ್ಲಿದೆ. ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಬಂದು, ಪುಟ್ಟ ಮಕ್ಕಳನ್ನು ಕರೆದುಕೊಂಡು ಕುಟುಂಬಗಳು ಊರೂರು ನೋಡಲು ಹೊರಟಾಗ ಈ ಭಾವನೆ ಎಷ್ಟು ತಪ್ಪೆಂಬುದು ಗೋಚರವಾಗುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಒಂದು ಪ್ರಮಾದಚರ್ಯೆ. ನಿಷ್ಕಾರಣವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದು, ಗಿಡಮರಗಳನ್ನು ಕಡಿಯುವುದು ಇವುಗಳ ಜೊತೆಗೆ, ನಿಷ್ಪ್ರಯೋಜಕವಾಗಿ ಅಲೆಯುವುದನ್ನೂ ಪರರನ್ನು ಅಲೆಯಿಸುವುದನ್ನೂ ಅವರು ಸೇರಿಸಿದ್ದಾರೆ. ಹಾಗಾದರೆ ಬೇಸಿಗೆಯ ಪ್ರವಾಸ ಅನರ್ಥದಂಡವೇ? ಮಕ್ಕಳನ್ನು ಊರು ತೋರಿಸಲು ಕರೆದೊಯ್ಯುವ ತಂದೆತಾಯಿಗಳು ಅಲೆಯಿಸುವವರ ಸಾಲಿಗೆ ಸೇರುತ್ತಾರೆಯೇ? ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಸುಲಭವಲ್ಲ.

ಉತ್ತರಕ್ಕೆ ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಎಂಟು ವರ್ಷ ತುಂಬಿದ ಮೇಲೆಯೇ ಮನುಷ್ಯನಿಗೆ ವ್ರತಗ್ರಹಣದ ಯೋಗ್ಯತೆ ಬರುತ್ತದೆಂಬುದು ಆಗಮಸಂಪ್ರದಾಯ. ಐದು ವರ್ಷದ ಮಗುವಿಗೆ ವ್ರತವೂ ಇಲ್ಲ, ವ್ರತಭಂಗವೂ ಇಲ್ಲ. ಆದರೆ ಕರ್ಮಬಂಧಕ್ಕೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳುಂಟು. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದನ್ನು ಮೆಚ್ಚಿದ್ದು, ಈ ಮೂರೂ ಒಂದೇ ಖಾತೆಗೆ ಬರುತ್ತವೆ. ಮಗು ಹಕ್ಕಿಗೆ ಕಲ್ಲೆಸೆದಾಗ ತಂದೆ ನಕ್ಕರೆ, ಆ ನಗು ಅನುಮೋದನೆ. ಆದ್ದರಿಂದ ಚಿಕ್ಕ ಮಕ್ಕಳೊಡನೆ ಮಾಡುವ ಪ್ರವಾಸದ ಜಮಾಖರ್ಚು ಸಂಪೂರ್ಣವಾಗಿ ಹಿರಿಯರ ಹೆಸರಿನಲ್ಲೇ ಬರೆಯಲ್ಪಡುತ್ತದೆ.

ಈ ವಿಚಾರವನ್ನು ಒಂದು ಊರನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು. ಶ್ರೀರಂಗಪಟ್ಟಣ ತಾಲ್ಲೂಕಿನ ಬಾಬುರಾಯನಕೊಪ್ಪಲು ಯಾವ ಪ್ರವಾಸಿ ಪಟ್ಟಿಯಲ್ಲಿಯೂ ಇಲ್ಲದ ಊರು. ಬೆಂಗಳೂರಿನಿಂದ ಹಳೆಯ ಹೆದ್ದಾರಿಯಲ್ಲಿ ಬರುವವರಿಗೆ ಶ್ರೀರಂಗಪಟ್ಟಣಕ್ಕೆ ಮುನ್ನ ಸಿಗುತ್ತದೆ. ಅದರ ಸಮೀಪದ ಕಿರಂಗೂರಿನಲ್ಲಿ ಪಾಂಡವಪುರ, ನಾಗಮಂಗಲಗಳ ಕಡೆಯ ರಸ್ತೆ ಕವಲೊಡೆಯುತ್ತದೆ. ನೇರ ಹೋದರೆ ಕೋಟೆ, ರಂಗನತಿಟ್ಟು, ಮೈಸೂರು. ಬಲಕ್ಕೆ ತಿರುಗಿದರೆ ಮೇಲುಕೋಟೆ, ಕಂಬದಹಳ್ಳಿ, ಶ್ರವಣಬೆಳಗೊಳಗಳ ದಿಕ್ಕು. ಬಾಡಿಗೆ ವ್ಯಾನಿನಲ್ಲಿ ಇಲ್ಲಿಗೆ ಬಂದು ನಿಂತ ಬೆಂಗಳೂರಿನ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಐದು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ರಾತ್ರಿಭೋಜನ ತ್ಯಾಗವಿರುವ ಅಜ್ಜಿ, ಬಾಡಿಗೆ ವ್ಯಾನಿನ ಚಾಲಕ. ಕೈಯಲ್ಲಿರುವುದು ಎರಡು ದಿನ. ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ಹನ್ನೊಂದು ಹೆಸರು.

ಮೊದಲ ದೋಷ ಈ ಪಟ್ಟಿಯಲ್ಲಿಯೇ ಇದೆ. ಎರಡು ದಿನದಲ್ಲಿ ಹನ್ನೊಂದು ಸ್ಥಳ ನೋಡಬೇಕಾದರೆ ಧಾವಿಸಲೇಬೇಕು. ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧಿಸಲಾಯಿತು. ವೇಗಕ್ಕೆ ಅನುಕೂಲ ಹೆಚ್ಚಿತು. ಮುನಿಗಳು ಈರ್ಯಾಸಮಿತಿಯನ್ನು ಪಾಲಿಸುತ್ತ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾರೆ. ಮಳೆಗಾಲದಲ್ಲಿ ಜೀವರಾಶಿ ಹೆಚ್ಚುವುದರಿಂದ ಚಾತುರ್ಮಾಸ ಹಿಡಿದು ವಿಹಾರವನ್ನೇ ನಿಲ್ಲಿಸುತ್ತಾರೆ. ಗೃಹಸ್ಥನು ಹಾಗೆ ನಡೆಯಬೇಕೆಂದು ಯಾವ ಶ್ರಾವಕಾಚಾರವೂ ವಿಧಿಸಿಲ್ಲ. ಅಡಿಗೆ, ಮನೆಗೆಲಸ, ಸಂಚಾರಗಳಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆ ಅವನಿಗೆ ಕ್ಷಮ್ಯ. ಆದರೆ ತಪ್ಪಿಸಬಹುದಾದುದನ್ನು ಅವಸರದಿಂದ ಮಾಡಿದರೆ ಅದು ಪ್ರಮಾದ. ಪ್ರಮಾದದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಲಕ್ಷಣ ಹೇಳುತ್ತದೆ. ಅಲ್ಲಿ ಒತ್ತು ಬಿದ್ದಿರುವುದು ಪ್ರಮಾದದ ಮೇಲೆ.

ರಂಗನತಿಟ್ಟನ್ನು ತೆಗೆದುಕೊಳ್ಳೋಣ. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ಈ ನಡುಗಡ್ಡೆಗಳನ್ನು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಮಕ್ಕಳಿಗೆ ರಜೆಯಿರುವ ತಿಂಗಳುಗಳಲ್ಲಿ ಅಲ್ಲಿನ ಹಲವು ಹಕ್ಕಿಗಳಿಗೆ ಗೂಡು, ಮೊಟ್ಟೆ, ಮರಿಗಳ ಕಾಲ. ದೋಣಿಯಲ್ಲಿ ಕುಳಿತ ಪ್ರವಾಸಿಗ ಚಪ್ಪಾಳೆ ತಟ್ಟಿ, ಕೂಗಿ, ಚಿತ್ರ ತೆಗೆಯುವುದಕ್ಕಾಗಿ ಹಕ್ಕಿಯನ್ನು ಹಾರಿಸಲೆತ್ನಿಸಿದರೆ, ಅದಕ್ಕೆ ಬೆಲೆ ತೆರುವುದು ಮೊಟ್ಟೆಯೊಳಗಿನ ಜೀವ. ತಾಯಿ ಎದ್ದ ಗೂಡಿನ ಮೇಲೆ ಬಿಸಿಲು ಬೀಳುತ್ತದೆ, ಕಾಗೆ ಎರಗುತ್ತದೆ. ಚಪ್ಪಾಳೆ ತಟ್ಟಿದವನ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪ ಎಳ್ಳಷ್ಟೂ ಇರುವುದಿಲ್ಲ. ಅನರ್ಥದಂಡದ ಸ್ವರೂಪವೇ ಇದು: ಮಾಡಿದವನಿಗೆ ಲಾಭವಿಲ್ಲ, ದ್ವೇಷವಿಲ್ಲ, ಆದರೂ ಒಂದು ಜೀವ ಹೋಗುತ್ತದೆ. ಅದೇ ದೋಣಿಯಲ್ಲಿ ತಾಯಿಯೊಬ್ಬಳು ಮಗುವಿನ ಕಿವಿಯಲ್ಲಿ, ‘ಮೆಲ್ಲಗೆ ಮಾತಾಡು ಕಂದಾ, ಪಾಪು ಮಲಗಿದೆ’ ಎಂದರೆ, ಅಹಿಂಸೆಯ ಮೇಲೆ ಒಂದು ಗಂಟೆ ಪ್ರವಚನ ಕೇಳಿಸಿದ್ದಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ.

ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇನ್ನೂ ದೊಡ್ಡ ಪಾಠಶಾಲೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರ ಭಾವನೆ. ಹುಣಸೆಯ ಫಸಲಿಗೆ ಆಗುವ ನಷ್ಟವನ್ನು ಸಹಿಸಿ, ಅವರು ತಲೆಮಾರುಗಳಿಂದ ಈ ಅತಿಥಿಗಳನ್ನು ಕಾಪಾಡಿದ್ದಾರೆ. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಬಸದಿಯಿಲ್ಲದ ಬೀದಿಯಲ್ಲಿಯೂ ದಯಾಧರ್ಮ ನೆಲೆಸಿರಬಲ್ಲದೆಂದು ಜೈನ ಬಾಲಕನೊಬ್ಬ ಎಂಟೊಂಬತ್ತರ ವಯಸ್ಸಿನಲ್ಲೇ ಕಣ್ಣಾರೆ ಕಂಡರೆ, ಅವನ ಧರ್ಮಾಭಿಮಾನಕ್ಕೆ ವಿನಯ ಸೇರುತ್ತದೆ.

ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಪ್ಪಿಸುವುದು. ಪ್ರವಾಸದ ಎರಡು ದಿನಗಳಲ್ಲಿ ಇವುಗಳಲ್ಲಿ ಮೂರಾದರೂ ಎದುರಾಗುತ್ತವೆ. ಮೈಸೂರಿನಲ್ಲಿ ಮಕ್ಕಳ ಸಂತೋಷಕ್ಕಾಗಿ ಒಂದೇ ಟಾಂಗಾದಲ್ಲಿ ಮನೆಮಂದಿಯೆಲ್ಲ ಏರಿದರೆ ಅದು ಅತಿಭಾರ. 1892ರಲ್ಲಿ ಸ್ಥಾಪನೆಯಾದ ಅಲ್ಲಿನ ಮೃಗಾಲಯದಲ್ಲಿ ಮಗು, ‘ಹುಲಿಗೆ ಅದರ ಮನೆಗೆ ಹೋಗಲು ಬಿಡುವುದಿಲ್ಲವೇ?’ ಎಂದು ಕೇಳಿದರೆ ಬಂಧದ ಪ್ರಶ್ನೆ ನೇರವಾಗಿ ನಿಲ್ಲುತ್ತದೆ. ಗಾಯಗೊಂಡ, ಅನಾಥವಾದ ಪ್ರಾಣಿಗಳ ಪಾಲನೆಯೂ ವಿರಳ ಜೀವಿಗಳ ವಂಶರಕ್ಷಣೆಯೂ ಮೃಗಾಲಯಗಳಿಂದ ನಡೆಯುವುದುಂಟು. ಆದ್ದರಿಂದ ಅಲ್ಲಿಗೆ ಹೋಗುವುದೇ ಪಾಪವೆನ್ನಲಾಗದು. ಆದರೆ ಮಗುವಿನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಮಾತ್ರ ಸಲ್ಲದು. ಅಂದು ಆ ಮಗುವಿನಲ್ಲಿ ಮೂಡಿದ ಕರುಣೆ, ಇಡೀ ಪ್ರವಾಸದ ಖರ್ಚಿಗೆ ಬಂದ ನಿಜವಾದ ಪ್ರತಿಫಲ.

ಅನ್ನಪಾನನಿರೋಧ ಪಶುಗಳಿಗೆ ಮಾತ್ರ ಅನ್ವಯಿಸುವುದಲ್ಲ, ಆಶ್ರಿತ ಸೇವಕರಿಗೂ ಅನ್ವಯಿಸುತ್ತದೆ. ಕುಟುಂಬದವರು ಶುದ್ಧಾಹಾರದ ಬುತ್ತಿ ಬಿಚ್ಚಿ ಮರದ ನೆರಳಿನಲ್ಲಿ ಕುಳಿತಾಗ ಚಾಲಕ ಎಲ್ಲಿದ್ದಾನೆ? ಬೆಳಗಿನ ನಾಲ್ಕಕ್ಕೆ ಎದ್ದವನು ರಾತ್ರಿ ಹತ್ತರವರೆಗೆ ಚಕ್ರ ಹಿಡಿದಿದ್ದರೆ, ನಿದ್ರೆಯಿಲ್ಲದ ಅವನ ಕಣ್ಣಿನ ಮೇಲೆ ಆ ಇಬ್ಬರು ಮಕ್ಕಳ ಪ್ರಾಣವೂ ನಿಂತಿರುತ್ತದೆ. ಇಲ್ಲಿ ಧರ್ಮವೂ ವಿವೇಕವೂ ಒಂದೇ ಮಾತನ್ನು ಹೇಳುತ್ತವೆ. ಬುತ್ತಿ ಕಟ್ಟುವಾಗ ಚಾಲಕನ ಪಾಲನ್ನೂ ಸೇರಿಸಿ ಕಟ್ಟುವ ಮನೆಯ ಮಕ್ಕಳಿಗೆ ಆಹಾರದಾನದ ಅರ್ಥವನ್ನು ಬೇರೆಯಾಗಿ ಹೇಳಬೇಕಿಲ್ಲ. ಅಂತೆಯೇ ಉಂಡೆದ್ದ ಜಾಗವನ್ನೂ ನೋಡಬೇಕು. ಬಾಬುರಾಯನಕೊಪ್ಪಲಿನಂತಹ ದಾರಿಯೂರುಗಳಿಗೆ ಪ್ರವಾಸಿಗರಿಂದ ಬರುವುದು ಬಹುಪಾಲು ಹೊಗೆ, ಧೂಳು, ಕಸ. ಅನ್ನದ ಅಗುಳು ಮೆತ್ತಿದ ಪ್ಲಾಸ್ಟಿಕ್ ಚೀಲವನ್ನು ದನ ನುಂಗಿದರೆ ಆ ಹಿಂಸೆ ಚೀಲ ಎಸೆದವರ ಖಾತೆಗೆ ಸೇರಿದ್ದು, ಅವರು ಆಗ ಎಷ್ಟು ದೂರ ಹೋಗಿದ್ದರೂ ಸರಿ.

ಇದನ್ನೆಲ್ಲ ಓದಿದವರು, ವಿಹಾರಕ್ಕೆ ಹೋದರೆ ಈ ತೊಂದರೆ, ತೀರ್ಥಯಾತ್ರೆಗೆ ಹೋದರೆ ದೋಷವಿಲ್ಲ ಎನ್ನಬಹುದು. ಇದು ಅರ್ಧ ಸತ್ಯ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳು, ಎಲ್ಲವೂ ಬಂಡೆಯಲ್ಲಿ ಕಡಿದವು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಆ ಬಂಡೆ ಕಾದ ಹೆಂಚು. ಇನ್ನೊಂದು ಸ್ಥಳಕ್ಕೆ ಹೊತ್ತಾಗುತ್ತದೆಂಬ ಕಾರಣದಿಂದ ಹನ್ನೆರಡು ಗಂಟೆಗೆ ಐದು ವರ್ಷದ ಮಗುವನ್ನು ಬರಿಗಾಲಿನಲ್ಲಿ ಎಳೆದುಕೊಂಡು ಹೋಗಿ, ಅಳುವ ಮುಖವನ್ನು ಬಾಹುಬಲಿಸ್ವಾಮಿಯ ಮುಂದೆ ನಿಲ್ಲಿಸಿ ಚಿತ್ರ ತೆಗೆದರೆ, ಅದು ಯಾರ ಪುಣ್ಯಾರ್ಜನೆ? ಆ ಮಗುವಿನ ನೆನಪಿನಲ್ಲಿ ಉಳಿಯುವುದು ಸ್ವಾಮಿಯ ಪ್ರಶಾಂತ ಮುಖವಲ್ಲ, ಅಂಗಾಲಿನ ಉರಿ. ಇದೂ ಅತಿಭಾರಾರೋಪಣವೇ, ಭಾರ ಹೊತ್ತದ್ದು ಮಾತ್ರ ಹೆತ್ತ ಮಗು. ನಸುಕಿನಲ್ಲಿ, ಬಂಡೆ ತಂಪಾಗಿರುವಾಗ, ಮಗು ನಿಂತಲ್ಲಿ ನಿಂತು, ಕುಳಿತಲ್ಲಿ ಕುಳಿತು ಏರಿದರೆ ಅದೇ ಬೆಟ್ಟ ತೀರ್ಥವಾಗುತ್ತದೆ. ದಾಟಿಸುವುದು ತೀರ್ಥ; ಕೇವಲ ತಲುಪುವುದರಿಂದ ಅದು ಸಿದ್ಧಿಸುವುದಿಲ್ಲ.

ಹನ್ನೊಂದು ಹೆಸರುಗಳ ಪಟ್ಟಿಯನ್ನು ಮೂರಕ್ಕೆ ಇಳಿಸಿದರೆ ನಷ್ಟವೇನು? ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಮುಂದೆ ನಿಂತ ಎತ್ತರದ ಕಂಬದಿಂದಲೇ ಊರಿಗೆ ಆ ಹೆಸರು. ಕೃಷ್ಣರಾಜಪೇಟೆ ತಾಲ್ಲೂಕಿನ ಬಸ್ತಿಹೊಸಕೋಟೆಯಲ್ಲಿ, ಕನ್ನಂಬಾಡಿ ಅಣೆಕಟ್ಟಿನ ಹಿನ್ನೀರಿನ ಕಡೆ, ಒಂದು ಬಾಹುಬಲಿ ವಿಗ್ರಹ ನಿಂತಿದೆ. ಇಂತಹ ಕಡೆ ನೂಕುನುಗ್ಗಲು ಕಡಿಮೆ. ಮಕ್ಕಳು ಕಂಬದ ನೆರಳು ಎತ್ತ ಬಿದ್ದಿದೆಯೆಂದು ನೋಡಬಹುದು, ಕಲ್ಲಿನ ಸಿಂಹಗಳನ್ನು ಎಣಿಸಬಹುದು, ಸ್ವಾಮಿಯ ಕಾಲಿಗೆ ಬಳ್ಳಿ ಏಕೆ ಸುತ್ತಿದೆಯೆಂದು ಅಜ್ಜಿಯನ್ನು ಕೇಳಬಹುದು. ಪ್ರಶ್ನೆ ಕೇಳಲು ಮಗುವಿಗೂ ಉತ್ತರಿಸಲು ಅಜ್ಜಿಗೂ ಸಮಯ ಸಿಕ್ಕಿದ ಪ್ರವಾಸ ನಿಷ್ಪ್ರಯೋಜಕವಾಗಲಾರದು.

ಇನ್ನು ಅತ್ಯಂತ ಕಠಿಣವಾದ ಪ್ರಸಂಗ ಸಂಜೆಯದು. ಬೃಂದಾವನದ ದೀಪಗಳೂ ಕಾರಂಜಿಗಳೂ ಕತ್ತಲಾದ ಮೇಲೆಯೇ ನೋಡತಕ್ಕವು. ಅಜ್ಜಿಯಾದರೋ ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮುಂಚೆಯೇ ಊಟ ಮುಗಿಸಬೇಕು. ಕಾರಂಜಿ ಬೇಡವೆಂದರೆ ಮಕ್ಕಳ ಮನಸ್ಸಿನಲ್ಲಿ ವ್ರತವೆಂಬುದು ಸಂತೋಷದ ಶತ್ರುವಾಗಿ ನಿಲ್ಲುತ್ತದೆ. ಸುತ್ತಾಟದಲ್ಲಿ ಹೊತ್ತು ಮೀರಿಸಿ, ‘ಅಮ್ಮ, ಇವತ್ತೊಂದು ದಿನ ಉಪವಾಸ ಮಾಡಿಬಿಡಿ’ ಎಂದರೆ, ಹಿರಿಯರ ವ್ರತ ಇತರರ ಅನುಕೂಲಕ್ಕೆ ಬಾಗಬೇಕಾದ ವಸ್ತುವೆಂದು ಮಕ್ಕಳು ಕಲಿಯುತ್ತಾರೆ. ಇವೆರಡರಲ್ಲಿ ಎರಡನೆಯದು ಹೆಚ್ಚಿನ ದೋಷ. ಸರಿಯಾದ ದಾರಿ, ಮಧ್ಯಾಹ್ನದ ಒಂದು ಸ್ಥಳವನ್ನು ಕೈಬಿಟ್ಟು ಐದು ಗಂಟೆಗೆ ಎಲ್ಲರೂ ಅಜ್ಜಿಯೊಡನೆ ಊಟಕ್ಕೆ ಕುಳಿತುಕೊಳ್ಳುವುದು. ಆಮೇಲೆ ಕಾರಂಜಿ ನೋಡಲಿ. ಒಂಬತ್ತು ವರ್ಷದವನು ಅಂದು ಅಜ್ಜಿಯ ಜೊತೆ ತಾನೂ ರಾತ್ರಿ ಉಣ್ಣುವುದಿಲ್ಲವೆಂದರೆ ಹೊಗಳಿಕೆಯಿಲ್ಲದೆ ಒಪ್ಪಲಿ. ಐದು ವರ್ಷದ್ದು ಹಸಿವೆಂದು ಅತ್ತರೆ ಹಾಲು ಕೊಡಲಿ, ಗದರಬಾರದು. ವ್ರತ ಸ್ವೀಕರಿಸಿದವರದು, ಮಗುವಿನ ಹಸಿವಿನ ಮೇಲೆ ಅದನ್ನು ಸಾಧಿಸುವುದು ವ್ರತದ ಲಕ್ಷಣವಲ್ಲ.

ಈ ವಿವೇಚನೆಯಿಂದ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಪ್ರವಾಸವು ಅನರ್ಥದಂಡವಾಗುವುದೋ ಇಲ್ಲವೋ ಎಂಬುದನ್ನು ಸ್ಥಳದ ಹೆಸರು ನಿರ್ಣಯಿಸುವುದಿಲ್ಲ. ಉದ್ದೇಶವಿದೆಯೇ, ಮಿತಿಯಿದೆಯೇ, ಎಚ್ಚರವಿದೆಯೇ ಎಂಬ ಮೂರೇ ನಿರ್ಣಾಯಕ. ಇವಿಲ್ಲದೆ ಹೋದರೆ ವಿಂಧ್ಯಗಿರಿಯೂ ಅಲೆದಾಟ. ಇವಿದ್ದರೆ ರಂಗನತಿಟ್ಟಿನ ದೋಣಿಯೂ ಸ್ವಾಧ್ಯಾಯ. ಹೊರಡುವ ಹಿಂದಿನ ರಾತ್ರಿ ಮನೆಯವರೆಲ್ಲ ಕುಳಿತು, ಇಷ್ಟು ದಿನ, ಇಷ್ಟು ದೂರ, ಇಷ್ಟು ಸ್ಥಳ, ಇಷ್ಟು ವೆಚ್ಚ ಎಂದು ನಿಶ್ಚಯಿಸಿ ಒಂದು ಹಾಳೆಯಲ್ಲಿ ಬರೆದಿಡುವುದು ಕಷ್ಟದ ಕೆಲಸವಲ್ಲ. ನಿಯತ ಕಾಲಕ್ಕೆ ನಿಯತ ಕ್ಷೇತ್ರವೆಂಬ ದೇಶಾವಕಾಶಿಕದ ಅಭ್ಯಾಸವೇ ಇದು. ಹಾಳೆಯನ್ನು ಹಿರಿಯ ಮಗುವಿನ ಕೈಯಿಂದಲೇ ಬರೆಯಿಸಬೇಕು. ತಾನೇ ಬರೆದ ಗಡಿಯನ್ನು ಮಗು ತಂದೆಗಿಂತ ನಿಷ್ಠೆಯಿಂದ ಕಾಯುತ್ತದೆ.

ಬಸದಿಗಳ ವಿಶ್ವಸ್ತ ಮಂಡಲಿಗಳಿಗೂ ಇಲ್ಲಿ ಕರ್ತವ್ಯವುಂಟು. ಯಾತ್ರಿಕರು ಹೆಚ್ಚಾಗಿ ಬರುವ ಕ್ಷೇತ್ರಗಳಲ್ಲಿ ಬೇಸಿಗೆಯ ಎರಡು ತಿಂಗಳಾದರೂ ಸಂಜೆ ಐದಕ್ಕೇ ಊಟ ಸಿಗುವ ವ್ಯವಸ್ಥೆ, ಪ್ರಾಕಾರದ ಕಾದ ಕಲ್ಲಿನ ಮೇಲೆ ತೆಂಗಿನ ನಾರಿನ ಹಾಸು, ಸೋಸಿದ ಕುಡಿಯುವ ನೀರು, ವಾಹನ ಚಾಲಕರಿಗೆ ಮಲಗಲು ಒಂದು ಕೊಠಡಿ ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ಹೊಸ ಕಮಾನು ಕಟ್ಟಿಸುವ ದಾನಿಗಳು ಹಲವರು ದೊರೆಯುತ್ತಾರೆ. ಚಾಲಕನ ಹಾಸಿಗೆಗೆ, ಮಗುವಿನ ಅಂಗಾಲಿಗೆ ದಾನ ಕೊಡುವವರನ್ನು ಮಂಡಲಿಗಳೇ ಹುಡುಕಬೇಕು. ಬರುವ ಬೇಸಿಗೆಗೆ ಮುನ್ನ, ಮಾಘ ಮಾಸದ ಸಭೆಯಲ್ಲಿಯೇ, ಈ ವಿಷಯ ಚರ್ಚೆಗೆ ಬಂದರೆ ಒಳಿತು.