ಸಲಹೆ: ಜ್ಞಾನದಾನವೋ, ಪಾಪೋಪದೇಶವೋ?

ಗೃಹಸ್ಥನ ಆಹಾರ, ವ್ಯಾಪಾರ, ಕೃಷಿಗಳನ್ನು ಕುರಿತು ಶ್ರಾವಕಾಚಾರ ಗ್ರಂಥಗಳು ವಿಧಿಸಿದ ನಿಯಮಗಳನ್ನು ಜೈನ ಸಮಾಜವು ಬಹುಮಟ್ಟಿಗೆ ನೆನಪಿನಲ್ಲಿ ಇರಿಸಿಕೊಂಡು ಬಂದಿದೆ. ಆದರೆ ಅದೇ ಗ್ರಂಥಗಳು, ಒಬ್ಬನು ಇನ್ನೊಬ್ಬನಿಗೆ ನೀಡುವ ಸಲಹೆಯನ್ನು ಕುರಿತು ಆಡಿರುವ ಮಾತು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಇವುಗಳಲ್ಲಿ ಮೊದಲನೆಯದೇ ಪಾಪೋಪದೇಶ. ಕೊಡಲಿಯನ್ನು ಕೊಟ್ಟವನಿಗಿಂತ ಮೊದಲು, ಕಡಿಯುವ ಉಪಾಯವನ್ನು ಹೇಳಿಕೊಟ್ಟವನನ್ನು ಆಚಾರ್ಯರು ಹೆಸರಿಸಿದ್ದಾರೆಂಬುದು ಗಮನಾರ್ಹವಾದ ಸಂಗತಿ.

ಇನ್ನೊಂದು ಕಡೆ, ಶ್ರಾವಕನು ಮಾಡತಕ್ಕ ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರದಾನಕ್ಕೂ, ಅಂದರೆ ಜ್ಞಾನದಾನಕ್ಕೂ, ಸಮಾನವಾದ ಸ್ಥಾನವಿದೆ. ಹೀಗಾಗಿ ತಿಳಿದವನು ತಿಳಿಯದವನಿಗೆ ಹೇಳುವ ಮಾತು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಬಲ್ಲುದು. ಅದು ಉತ್ತಮ ದಾನವೂ ಆಗಬಹುದು, ದಂಡವೂ ಆಗಬಹುದು. ಎರಡಕ್ಕೂ ಬಳಕೆಯಾಗುವುದು ಅದೇ ವಿದ್ಯೆ, ಅದೇ ಲೇಖನಿ.

ಈ ವಿವೇಚನೆ ಇಂದು ಕೇವಲ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ. ಸಲಹೆ ನೀಡುವುದೇ ಒಂದು ದೊಡ್ಡ ಉದ್ಯೋಗವಾಗಿ ಬೆಳೆದಿದೆ. ಯಾವ ಉದ್ದಿಮೆಯ ಉತ್ಪಾದಕತೆ ಎಷ್ಟು, ಯಾವ ಊರಿನಲ್ಲಿ ಎಂತಹ ಪ್ರತಿಭೆ ದೊರೆಯುತ್ತದೆ, ಯಾವ ವ್ಯವಹಾರವನ್ನು ಹಸಿರು ವ್ಯವಹಾರವೆಂದು ಕರೆಯಬಹುದು ಎಂಬುದನ್ನು ಅಳೆದು, ಸರಕಾರಗಳಿಗೂ ಕಂಪೆನಿಗಳಿಗೂ ವರದಿ ಒಪ್ಪಿಸುವ ಸಂಸ್ಥೆಗಳು ಲೋಕದೆಲ್ಲೆಡೆ ಇವೆ. ಭಾರತದಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ 1958ರಲ್ಲಿಯೇ ಸ್ಥಾಪನೆಯಾಯಿತು. 2001ರಲ್ಲಿ ಮೆಕಿನ್ಸೆ ಸಂಸ್ಥೆಯ ಸಂಶೋಧನಾ ವಿಭಾಗವು ಭಾರತದ 13 ಉದ್ದಿಮೆಗಳನ್ನು ಅಳೆದು, ಅಮೆರಿಕದ ಉದ್ದಿಮೆಗಳೊಡನೆ ತೂಗಿನೋಡಿ, ದೇಶದ ಆರ್ಥಿಕ ನೀತಿ ಹೇಗಿರಬೇಕೆಂದು ವಿಸ್ತಾರವಾದ ವರದಿಯನ್ನು ಪ್ರಕಟಿಸಿತು. ಕರಾವಳಿಯ ಶ್ರಾವಕ ಕುಟುಂಬಗಳ ಮಕ್ಕಳು ಓದಿ ಇಂತಹ ಸಂಸ್ಥೆಗಳಲ್ಲಿ ದುಡಿಯಬಹುದಾದ ಕಾಲವಿದು. ಬಸದಿಗಳ ಆಡಳಿತ ಮಂಡಳಿಗಳೂ ಠೇವಣಿಯನ್ನು ಎಲ್ಲಿಡಬೇಕು, ಜಮೀನನ್ನು ಯಾರಿಗೆ ಗುತ್ತಿಗೆ ಕೊಡಬೇಕು ಎಂಬುದಕ್ಕೆ ತಜ್ಞರ ಮಾತನ್ನು ಕೇಳುತ್ತವೆ. ಆದುದರಿಂದ ಸಲಹೆಯ ಧರ್ಮಾಧರ್ಮ ವಿಚಾರ ಮನೆಯ ಬಾಗಿಲಿಗೇ ಬಂದಿದೆ.

ಇಲ್ಲೊಂದು ಆಕ್ಷೇಪವನ್ನು ಮೊದಲಿಗೇ ಎದುರಿಸಬೇಕಾಗುತ್ತದೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದ ಪಾಪ. ಸಲಹೆಗಾರನಾದರೋ ಸಂಬಳಕ್ಕಾಗಿ ದುಡಿಯುವವನು, ಅವನ ಕೆಲಸಕ್ಕೆ ಪ್ರಯೋಜನವಿದೆ. ಅವನು ಕಾರ್ಖಾನೆಯನ್ನು ಕಟ್ಟುವುದಿಲ್ಲ, ನಡೆಸುವುದೂ ಇಲ್ಲ. ಲೆಕ್ಕವನ್ನು ಮುಂದಿಡುತ್ತಾನೆ, ನಿರ್ಧಾರ ಮಾಡುವವರು ಬೇರೆಯವರು. ಅಂದಮೇಲೆ ದೋಷ ಅವನಿಗೆ ಹೇಗೆ ತಗಲುತ್ತದೆ?

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಕರ್ಮಾಸ್ರವಕ್ಕೆ ಕಾರಣವಾಗುವ ಜೀವಾಧಿಕರಣವನ್ನು ಅಲ್ಲಿ 108 ಬಗೆಯಾಗಿ ಎಣಿಸಲಾಗಿದೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ಕೃತ, ಕಾರಿತ, ಅನುಮತಗಳೆಂಬ ಮೂರು, ಕಷಾಯಗಳು ನಾಲ್ಕು. ಇವುಗಳನ್ನು ಗುಣಿಸಿದರೆ 108. ಕೆಲಸವನ್ನು ಮಾಡಬೇಕೆಂಬ ಸಂಕಲ್ಪ ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ, ಕೆಲಸಕ್ಕೆ ಕೈಹಚ್ಚುವುದು ಆರಂಭ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಯೋಜನಾ ವರದಿಯು ಸಂರಂಭಕ್ಕೆ ಸೇರುತ್ತದೆ, ಬಂಡವಾಳವನ್ನೂ ಭೂಮಿಯನ್ನೂ ಕೂಡಿಸುವುದು ಸಮಾರಂಭಕ್ಕೆ ಸೇರುತ್ತದೆ. ಕುಲುಮೆಗೆ ಬೆಂಕಿ ಬೀಳುವುದು ಕೊನೆಗೆ. ಹೀಗೆ ಸೂತ್ರಕಾರರು ಕಾಗದದ ಮೇಲಿನ ಘಟ್ಟವನ್ನು ಲೆಕ್ಕದಿಂದ ಹೊರಗಿಟ್ಟಿಲ್ಲ, ಮಾಡಿಸಿದವನನ್ನೂ ಒಪ್ಪಿದವನನ್ನೂ ಬಿಟ್ಟಿಲ್ಲ.

ಹಾಗೆಂದು ಉದ್ಯೋಗವೆಲ್ಲವೂ ತ್ಯಾಜ್ಯವೆಂದು ಜೈನಧರ್ಮ ಹೇಳುವುದಿಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಬೇಕೆಂದೂ, ಉಳಿದವು ಅನಿವಾರ್ಯವಾದಷ್ಟರಲ್ಲಿ, ಯತ್ನಾಚಾರಪೂರ್ವಕವಾಗಿ ಇರಬಹುದೆಂದೂ ಹೇಳಲಾಗಿದೆ. ತುಳುನಾಡಿನ ಜೈನರು ಬಹುಕಾಲದಿಂದ ಭೂಮಿಯನ್ನು ನಂಬಿ ಬಾಳಿದವರು. ನೇಗಿಲಿನ ಮೊನೆಗೆ ಸಿಲುಕುವ ಜೀವಗಳ ಅರಿವು ಅವರಿಗಿಲ್ಲದೆ ಇರಲಿಲ್ಲ. ಆದರೆ ಉದ್ಯೋಗೀ ಹಿಂಸೆಗೆ ದೊರೆತ ಈ ರಿಯಾಯಿತಿಗೆ ಒಂದು ಗಡಿಯಿದೆ. ಎಚ್ಚರದಿಂದ ನೋಡಿದ್ದರೆ ತಪ್ಪಿಸಬಹುದಾಗಿದ್ದ ಹಿಂಸೆ ಅನಿವಾರ್ಯವೆನಿಸದು. ಹಾಗಾದರೆ ಸಲಹೆಗಾರನ ಎಚ್ಚರ ಇರುವುದೆಲ್ಲಿ? ಅವನ ಕೈಯಲ್ಲಿ ನೇಗಿಲಿಲ್ಲ, ತಕ್ಕಡಿಯಿದೆ. ಅವನ ಯತ್ನಾಚಾರವೆಲ್ಲ ಅಳತೆಯಲ್ಲಿಯೇ ಇರತಕ್ಕದ್ದು.

ಅಸ್ತೇಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೊಂದು. ಕೊಡುವಾಗ ಚಿಕ್ಕ ಸೇರು, ಕೊಳ್ಳುವಾಗ ದೊಡ್ಡ ಸೇರು ಬಳಸುವುದೆಂದು ಅದರ ಅರ್ಥ. ಉತ್ಪಾದಕತೆ ಎಂಬುದೂ ಒಂದು ಸೇರೇ. ಹಾಕಿದ ಶ್ರಮ ಮತ್ತು ಸಾಧನಗಳಿಗೆ ಎಷ್ಟು ಉತ್ಪನ್ನ ದೊರೆಯಿತು ಎಂಬ ಪ್ರಮಾಣವದು. ಬಂದುದನ್ನು ತುಂಬ ಅಳೆದು, ಹೋದುದರಲ್ಲಿ ಒಂದಷ್ಟನ್ನು ಅಳೆಯದೆ ಬಿಟ್ಟರೆ ಪ್ರಮಾಣ ಹಿಗ್ಗಿ ಕಾಣುತ್ತದೆ. ಅಂಗಡಿಯ ತಕ್ಕಡಿಯಲ್ಲಿ ಇದನ್ನು ಮೋಸವೆನ್ನುವವರು ವರದಿಯ ಪುಟದಲ್ಲಿ ಇದನ್ನು ಪದ್ಧತಿಯೆಂದು ಒಪ್ಪಿಕೊಳ್ಳುವುದು ವಿಚಾರಾರ್ಹ.

ಕಟಪಾಡಿಯ ಸುತ್ತಲಿನ ಪರಿಸರ ಈ ಮಾತಿಗೆ ಒಳ್ಳೆಯ ನಿದರ್ಶನ. ಕಟಪಾಡಿ, ಶಂಕರಪುರಗಳ ಮಲ್ಲಿಗೆ ಕರಾವಳಿಗೆಲ್ಲ ಪರಿಚಿತ. ಉಡುಪಿ ಮಲ್ಲಿಗೆಯೆಂಬ ಹೆಸರಿನಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಅಲ್ಲಿ ಹೂವಿನ ಅಳತೆ ಬಹು ಸ್ಪಷ್ಟ. 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೆ ನಿಗದಿಯಾಗುತ್ತದೆ. ಸಣ್ಣ ಹಿತ್ತಿಲಿನಿಂದ ಒಂದು ಸಂಸಾರ ಸಾಗುವಷ್ಟು ಆದಾಯ ಬರುತ್ತದೆಂದು ಲೆಕ್ಕ ಹಾಕಿದವನು ಇದನ್ನು ಆದರ್ಶವಾದ ಹಸಿರು ಉದ್ದಿಮೆಯೆಂದು ಬರೆದಾನು. ಆದರೆ ನಸುಕಿನಲ್ಲಿ ಎದ್ದು ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟುವ ಮನೆಯ ಹೆಂಗಸರ ಗಂಟೆಗಳನ್ನು ಯಾವ ಅಂಕಣದಲ್ಲಿ ಬರೆಯಲಾಯಿತು? ಮೊಗ್ಗು ಕೊರೆಯುವ ಹುಳುವಿಗೆ ಔಷಧ ಸಿಂಪಡಿಸಿದರೆ ಸಾಯುವ ಜೀವಗಳನ್ನೂ, ಸಿಂಪಡಿಸುವವನ ಉಸಿರನ್ನೂ ಯಾವ ಸೇರಿನಲ್ಲಿ ಅಳೆಯಲಾಯಿತು? ನ್ಯಾಯವಾದ ಅಳತೆ ಪ್ರೀತಿಯ ವಸ್ತುವಿಗೂ ರಿಯಾಯಿತಿ ತೋರದು. ಹಾಗೆ ಅಳೆದ ಮೇಲೆಯೂ ಮಲ್ಲಿಗೆ ಕೃಷಿ ಒಳ್ಳೆಯದೆಂದು ತೀರ್ಮಾನವಾಗಬಹುದು. ಆಗ ಅದು ತಿಳಿದು ಆಡಿದ ಮಾತಾಗುತ್ತದೆ.

ಅದೇ ಕಾಪು ತಾಲೂಕಿನ ದಕ್ಷಿಣಕ್ಕೆ ಎಲ್ಲೂರಿದೆ. ನಂದಿಕೂರು, ಎಲ್ಲೂರು ಭಾಗದಲ್ಲಿ ಕಲ್ಲಿದ್ದಲಿನ ಉಷ್ಣ ವಿದ್ಯುತ್ ಸ್ಥಾವರವೊಂದನ್ನು ಕಟ್ಟುವ ಪ್ರಸ್ತಾಪ 1990ರ ದಶಕದಷ್ಟು ಹಳೆಯದು. ಅಮೆರಿಕದ ಕೊಜೆಂಟ್ರಿಕ್ಸ್ ಕಂಪೆನಿ 1999ರಲ್ಲಿ ಹಿಂದೆ ಸರಿದ ಮೇಲೆ ಯೋಜನೆ ಬೇರೆ ಕೈಗಳಿಗೆ ಹೋಗಿ, ತಲಾ 600 ಮೆಗಾವ್ಯಾಟ್ ಸಾಮರ್ಥ್ಯದ ಎರಡು ಘಟಕಗಳಾಗಿ ನಿಂತಿತು. ವಿದೇಶದ ಕಲ್ಲಿದ್ದಲು ನವಮಂಗಳೂರು ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಸ್ಥಾವರಕ್ಕೆ ಸಾಗುತ್ತದೆ. ಸ್ಥಾವರದೊಳಗೆ ನಿಂತು ಅಳೆದರೆ ಇದು ದಕ್ಷ ಉದ್ದಿಮೆ. ಕೆಲವೇ ಜನರ ಶ್ರಮದಿಂದ ಅಪಾರವಾದ ವಿದ್ಯುತ್ ಉತ್ಪಾದನೆಯಾಗುತ್ತದೆ. ಬೇಲಿಯ ಹೊರಗಿನ ಕೃಷಿಕರು ಹಾರುಬೂದಿಯ ಬಗೆಗೂ, ಬಾವಿಗಳಿಗೆ ಸೇರುವ ಉಪ್ಪುನೀರಿನ ಬಗೆಗೂ ವರ್ಷಾನುಗಟ್ಟಲೆ ದೂರಿದರು. ಕೊನೆಗೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವು ಪರಿಸರ ಹಾನಿಗಾಗಿ ಸುಮಾರು 52 ಕೋಟಿ ರೂಪಾಯಿ ಪರಿಹಾರವನ್ನು ವಿಧಿಸಿತು. ಮೊದಲ ವರದಿಗಳ ತಕ್ಕಡಿಯಲ್ಲಿ ಕಾಣದ ಭಾರವನ್ನು ನ್ಯಾಯಪೀಠ ಕಡೆಗೆ ಅಂಕೆಯಲ್ಲಿ ಬರೆದಂತಾಯಿತು. ಆದರೆ ಹಾನಿ ನಡೆದ ಮೇಲೆ ಬರೆದ ಅಂಕೆಯದು.

ಇದನ್ನು ಹೇಳುವಾಗ ಆತ್ಮವಂಚನೆಗೆ ಎಡೆಯಿರಬಾರದು. ವಿದ್ಯುತ್ತು ಎಲ್ಲರಿಗೂ ಬೇಕು. ಬಸದಿಯ ದೀಪಗಳೂ, ಆಸ್ಪತ್ರೆಯ ಯಂತ್ರಗಳೂ ಅದರಿಂದಲೇ ನಡೆಯುತ್ತವೆ. ಬೆಳಕನ್ನು ಅನುಭವಿಸುವವರೂ ಅನುಮೋದನೆಯಲ್ಲಿ ಪಾಲುದಾರರೇ. ಆದುದರಿಂದ ಇಲ್ಲಿ ಆಕ್ಷೇಪವಿರುವುದು ವಿದ್ಯುತ್ತಿನ ಬಗೆಗಲ್ಲ. ಒಂದು ಊರಿನವರು ತೆರುವ ಬೆಲೆಯನ್ನು ಬರೆಯದೆಯೇ, ವಿದ್ಯುತ್ತು ಅಗ್ಗವೆಂದು ಇನ್ನೊಂದು ಊರಿನವರಿಗೆ ಹೇಳುವ ಲೆಕ್ಕದ ಬಗೆಗೆ. ಬೆಲೆಯನ್ನು ಬರೆದಿದ್ದರೆ ಯೋಜನೆಯ ಸ್ಥಳ, ಗಾತ್ರ, ಬೂದಿಯ ವ್ಯವಸ್ಥೆ ಇವೆಲ್ಲವನ್ನೂ ಮೊದಲೇ ಬೇರೆ ರೀತಿಯಾಗಿ ಯೋಚಿಸಲು ಅವಕಾಶವಿರುತ್ತಿತ್ತು.

ಅಳತೆ ಕಿರಿದಾದರೆ ಒಳ್ಳೆಯದೂ ಕೆಟ್ಟದ್ದಾಗಿ ಕಾಣಬಹುದು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈಯವರು ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸತೊಡಗಿತು. ಒಬ್ಬ ನೌಕರ ಒಂದು ಗಂಟೆಯಲ್ಲಿ ಎಷ್ಟು ಹಣ ತಂದನೆಂದಷ್ಟೇ ಅಳೆಯುವ ತಜ್ಞನು ಇದನ್ನು ಅಂದೇ ನಿಲ್ಲಿಸಲು ಹೇಳುತ್ತಿದ್ದನು. ಬಡವನಲ್ಲಿ ಉಳಿತಾಯದ ಅಭ್ಯಾಸವನ್ನು ಬೆಳೆಸುವುದು ಅವನ ಸೇರಿಗೆ ಹಿಡಿಯದ ಧಾನ್ಯ. ಆದರೆ ಜಿಲ್ಲೆಯ ಬಾಳನ್ನು ಬದಲಿಸಿದ್ದು ಆ ಎರಡಾಣೆಗಳೇ. ಅದನ್ನು ಸೂಚಿಸಿದವರ ಸಲಹೆಯನ್ನು ಜ್ಞಾನದಾನವೆನ್ನಲು ಅಡ್ಡಿಯಿಲ್ಲ.

ಪ್ರತಿಭೆಯ ಲೆಕ್ಕದಲ್ಲಿಯೂ ಇದೇ ತೊಡಕು. 1953ರಲ್ಲಿ ವೈದ್ಯಕೀಯ ಕಾಲೇಜು, 1957ರಲ್ಲಿ ತಾಂತ್ರಿಕ ಕಾಲೇಜು ಆರಂಭವಾದ ಮೇಲೆ ಮಣಿಪಾಲ ದೇಶಕ್ಕೆಲ್ಲ ವಿದ್ಯಾವಂತರನ್ನು ಕೊಟ್ಟಿತು. ವರದಿಗಳು ಇಂತಹ ವಿದ್ಯಾವಂತರನ್ನು ಮಾನವ ಬಂಡವಾಳವೆಂದು ಕರೆಯುತ್ತವೆ. ಜೈನ ದೃಷ್ಟಿಯಲ್ಲಿ ಬುದ್ಧಿಶಕ್ತಿ ಜ್ಞಾನಾವರಣೀಯ ಕರ್ಮದ ಕ್ಷಯೋಪಶಮದಿಂದ ಪ್ರಕಟವಾಗುವ ಆತ್ಮಗುಣ. ಅದು ಬಂಡವಾಳವಲ್ಲ, ಹೊಣೆ. ಜೀವಗಳು ಪರಸ್ಪರ ಉಪಕಾರ ಮಾಡುವುದಕ್ಕಿವೆ ಎಂದು ಉಮಾಸ್ವಾಮಿಗಳು ಹೇಳಿದ ತತ್ತ್ವವನ್ನು ಒಪ್ಪಿದವರು, ಬುದ್ಧಿವಂತನ ಬುದ್ಧಿ ಎಷ್ಟಕ್ಕೆ ಮಾರಾಟವಾಯಿತು ಎಂಬುದರ ಜೊತೆಗೆ ಯಾವ ಜೀವಕ್ಕೆ ಉಪಕಾರವಾಯಿತು ಎಂದೂ ಕೇಳಲೇಬೇಕಾಗುತ್ತದೆ.

ಅಸ್ತೇಯದ ಇನ್ನೊಂದು ಅತಿಚಾರ ಪ್ರತಿರೂಪಕ ವ್ಯವಹಾರ, ಎಂದರೆ ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವುದು. ಹಸಿರು ಎಂಬ ಮಾತಿಗೆ ಈಚೆಗೆ ಬೆಲೆ ಬಂದಿದೆ. 2022-23ನೆಯ ಸಾಲಿನಿಂದ ದೇಶದ ಒಂದು ಸಾವಿರ ದೊಡ್ಡ ಕಂಪೆನಿಗಳು ತಮ್ಮ ಪರಿಸರ, ಸಾಮಾಜಿಕ ಹೊಣೆಗಳನ್ನು ಕುರಿತು ಪ್ರತಿವರ್ಷ ವರದಿ ಮಾಡಬೇಕೆಂದು ಸೆಬಿ ಕಡ್ಡಾಯಗೊಳಿಸಿತು. ಬೆಲೆ ಬಂದಲ್ಲಿ ನಕಲಿಯೂ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಸುಳ್ಳು ಹಸಿರಿನ ಪ್ರಚಾರವನ್ನು ತಡೆಯಲು ಮಾರ್ಗಸೂಚಿಗಳನ್ನು ಹೊರಡಿಸಬೇಕಾಯಿತು. ಸರಕಾರ ಇಂದು ಹೇಳುತ್ತಿರುವುದನ್ನು ಆಚಾರ್ಯರು ವ್ರತದ ಭಾಗವಾಗಿ ಎಂದೋ ವಿಧಿಸಿದ್ದರು. ಕಾನೂನಿಗೆ ಸಾಕ್ಷಿ ಬೇಕು, ವ್ರತಕ್ಕೆ ಅವನವನ ಅಂತಃಕರಣವೇ ಸಾಕ್ಷಿ.

ಹಾಗಾದರೆ ಎಲ್ಲವನ್ನೂ ಅಳೆಯುವುದು ಸಾಧ್ಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಸಾಧ್ಯವಿಲ್ಲ. ಛದ್ಮಸ್ಥನ ಜ್ಞಾನ ಅಪೂರ್ಣವೆಂದು ಒಪ್ಪಿದ ಧರ್ಮವಿದು. ವಸ್ತುವಿನ ಒಂದು ಅಂಶವನ್ನು ಹಿಡಿದು ನೋಡುವುದು ನಯ. ಉಳಿದ ಅಂಶಗಳನ್ನು ನಿರಾಕರಿಸಿ, ತಾನು ಕಂಡ ಅಂಶವೇ ಪೂರ್ಣವೆಂದು ಸಾಧಿಸಿದರೆ ಅದು ನಯಾಭಾಸ. ಉತ್ಪಾದಕತೆ ಒಂದು ನಯ. ಅದನ್ನು ನಯವೆಂದು ತಿಳಿದು ಬಳಸಿದರೆ ಉಪಕಾರಿ. ಶ್ರಮ ಪೋಲಾಗುವುದನ್ನು, ಸಾಮಗ್ರಿ ಹಾಳಾಗುವುದನ್ನು ತೋರಿಸಿಕೊಟ್ಟು ಆರಂಭೀ ಹಿಂಸೆಯನ್ನೂ ಅದು ಕಡಿಮೆ ಮಾಡೀತು. ಎಷ್ಟು ದೊರೆಯುತ್ತದೆಂದು ಅದು ಹೇಳಬಲ್ಲುದು. ಎಷ್ಟು ಸಾಕೆಂದು ಹೇಳಲಾರದು, ಅದನ್ನು ಹೇಳಬೇಕಾದುದು ಪರಿಗ್ರಹ ಪರಿಮಾಣ ವ್ರತ. ಆದುದರಿಂದ ಸಲಹೆಗಾರನಾದ ಶ್ರಾವಕನಿಗೆ ಸ್ಯಾದ್ವಾದವು ವೃತ್ತಿಧರ್ಮವೇ ಆಗುತ್ತದೆ. ಯಾವ ಅಪೇಕ್ಷೆಯಿಂದ ಈ ಮಾತು ನಿಜ, ಯಾವುದನ್ನು ಅಳೆದಿಲ್ಲ, ಅಳೆಯದೆ ಬಿಟ್ಟುದರ ಭಾರ ಯಾರ ಹೆಗಲಿಗೆ ಬೀಳುತ್ತದೆ, ಈ ಮೂರನ್ನು ವರದಿಯ ಮೊದಲ ಪುಟದಲ್ಲಿಯೇ ಬರೆಯುವುದು ಅವನ ಕರ್ತವ್ಯ. ಬರೆಯಲು ಬಿಡದ ಕಡೆ ಸಹಿ ಹಾಕದಿರುವುದೂ ಕರ್ತವ್ಯವೇ. ತಾನು ಹಾಕದಿದ್ದರೆ ಇನ್ನೊಬ್ಬ ಹಾಕುತ್ತಾನೆಂಬ ಸಮಾಧಾನ ಸಲ್ಲದು. ಇನ್ನೊಬ್ಬನ ಆಸ್ರವ ಇನ್ನೊಬ್ಬನದು.

ಬಸದಿಗಳ ಆಡಳಿತದಾರರೂ ಈ ಮೂರು ಪ್ರಶ್ನೆಗಳನ್ನು ತಮ್ಮ ತಜ್ಞರಿಗೆ ಕೇಳತಕ್ಕದ್ದು. ಠೇವಣಿಯ ಬಡ್ಡಿ ಅರ್ಧ ಶೇಕಡಾ ಹೆಚ್ಚು ಬರುವ ಕಡೆ, ಆ ಅರ್ಧ ಎಲ್ಲಿಂದ ಬಂತೆಂದು ವಿಚಾರಿಸಬೇಕು. ಬಸದಿಯ ಜಮೀನನ್ನು ಗುತ್ತಿಗೆಗೆ ಕೊಡುವ ಮೊದಲು ನೆರೆಯ ಬಾವಿಯನ್ನು ನೋಡಿ ಬರಬೇಕು. ಇದರಿಂದ ಆದಾಯ ಒಂದಿಷ್ಟು ಕಡಿಮೆಯಾಗಬಹುದು. ಆ ಕೊರತೆಯನ್ನು ನಷ್ಟದ ಅಂಕಣದಲ್ಲಿ ಬರೆಯದೆ ಅಭಯದಾನವೆಂದು ಬರೆಯಬಹುದು. ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ ಬಾಹುಬಲಿಸ್ವಾಮಿಯ ಪಾದದಲ್ಲಿ ಕಾಣಿಕೆ ಇಡುವವರು, ಆ ಕಾಣಿಕೆಯನ್ನು ಯಾವ ಸೇರಿನಲ್ಲಿ ಅಳೆದು ತಂದರೆಂಬುದನ್ನೂ ತಿಳಿದಿರುವುದು ಯುಕ್ತ.