ಅಗ್ಗದ ಹಾಸಿಗೆಯ ಹೊಣೆ

ಅರಳೆಯ ಹಾಸಿಗೆಗೆ ಬೀಡಿಯ ಕಿಡಿ ಬಿದ್ದರೆ ಅದು ಒಳಗೊಳಗೇ ಕಮರುವುದು. ಆನ್‌ಲೈನಿನಲ್ಲಿ ಕೊಂಡು, ಸುರುಳಿಯಾಗಿ ಜೊಯಿಡಾದ ಕಾಡೂರಿಗೂ ಬರುವ ಅಗ್ಗದ ಪಾಲಿಯುರೆಥೇನ್ ಫೋಮಿನ ಸ್ವಭಾವ ಬೇರೆ: ಜ್ವಾಲೆ ತಾಗಿದರೆ ನಿಮಿಷಗಳಲ್ಲಿ ಕೋಣೆಯನ್ನೇ ನುಂಗಬಲ್ಲದು, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡಿನೊಡನೆ ಹೈಡ್ರೋಜನ್ ಸಯನೈಡೂ ಉಂಟು. ಅಮೆರಿಕದವರು ಹಾಸಿಗೆಗೆ ಸಿಗರೇಟಿನ ಪರೀಕ್ಷೆಯನ್ನು ವಿಧಿಸಿದ್ದು 1973ರಲ್ಲಿ. ಜ್ವಾಲೆಯ ಪರೀಕ್ಷೆ ಜಾರಿಗೆ ಬರಲು 2007 ಆಗಬೇಕಾಯಿತು. ಅರ್ಧ ಗಂಟೆಯೊಳಗೆ ಉರಿ 200 ಕಿಲೋವಾಟ್ ದಾಟಕೂಡದು.

ಅಗ್ಗವೆಂದು ಕೊಂಡವನೇ ಹೊಣೆಯೆನ್ನುವವರುಂಟು. ನಾನು ಒಪ್ಪಲಾರೆ. ಹಾಸಿಗೆಯ ಗಂಟನ್ನು ಬೆನ್ನು ಹೇಳೀತು. ಬೆಂಕಿಯ ಗುಣವನ್ನು ಯಾವ ಬೆನ್ನು ಹೇಳೀತು? ಅದನ್ನು ಪರೀಕ್ಷಿಸಿ ತಿಳಿಯಬಲ್ಲವನು ತಯಾರಕ. ಮೇಲಾಗಿ, ಅದರ ಮೇಲೆ ಮಲಗುವ ಮಗು ಏನನ್ನೂ ಆರಿಸಿಲ್ಲವಷ್ಟೆ. ಪರೀಕ್ಷೆ ದಾಟದ ಸರಕು ಮಾರಾಟಕ್ಕೇ ಬರಬಾರದು.

ಬೆಲೆಯೇರಿ ಬಡವನು ಚಾಪೆಗೆ ಮರಳಿದರೆ? ಈ ಪ್ರಶ್ನೆ ನನ್ನನ್ನು ಕಾಡದೆ ಇಲ್ಲ. ಆದರೂ ಚಾಪೆಯಲ್ಲಿ ಅಷ್ಟು ಉರಿ ಅಡಗಿರುವುದಿಲ್ಲ.