ಹಳೆಯ ದೇವಾಲಯ ಕಂಡಿದ್ದವರು



‘ನಮ್ಮ ಕಾಲವೇ ಚೆನ್ನಾಗಿತ್ತು’ ಎಂಬ ಮಾತು ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕೇಳುತ್ತಿರುತ್ತದೆ. ಇಚಲಕರಂಜಿಯ ಮಗ್ಗಗಳ ಮುಂದೆ 12 ತಾಸಿನ ಪಾಳಿ ನಿಂತು ಕಾಲು ಊದಿಸಿಕೊಂಡವರೂ ಹಾಗೇ ಅನ್ನುತ್ತಾರೆ. ಹತ್ತಿಯ ಧೂಳು, ಕೆಮ್ಮು ಮರೆತಿದೆ. ಧಾರವಾಡ ಆಕಾಶವಾಣಿಯ ಹಾಡು ನೆನಪಿದೆ.

ವಯಸ್ಸಾದವರಲ್ಲಿ ಹೆಚ್ಚಾಗಿ ಉಳಿಯುವುದು ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳು ಎನ್ನುತ್ತಾರೆ ಮನಃಶಾಸ್ತ್ರಜ್ಞರು. ಮೊದಲ ಪಗಾರ, ಮದುವೆ, ಮೊದಲ ಕೂಸು ಎಲ್ಲ ಆಗಲೇ ಅಲ್ಲವೇ? ಇದು ಪಾಪವೇನಲ್ಲ. ಆದರೆ ಇಸ್ರಯೇಲರು ಮರುಭೂಮಿಯಲ್ಲಿ ಈಜಿಪ್ಟಿನ ಮೀನು, ಸೌತೆಕಾಯಿ, ಬೆಳ್ಳುಳ್ಳಿ ನೆನೆದು ಅತ್ತರು (ಸಂಖ್ಯಾಕಾಂಡ 11). ಬೆನ್ನ ಮೇಲೆ ಬಿದ್ದ ಏಟುಗಳ ಮಾತನ್ನು ಯಾರೂ ಎತ್ತಲಿಲ್ಲ!

ನನ್ನನ್ನು ಹೆಚ್ಚು ತಟ್ಟುವುದು ಎಜ್ರನ ಗ್ರಂಥದ 3ನೇ ಅಧ್ಯಾಯ. ಸೆರೆಯಿಂದ ಮರಳಿದವರು ಜೆರುಸಲೇಮಿನಲ್ಲಿ ದೇವಾಲಯಕ್ಕೆ ಅಡಿಪಾಯ ಹಾಕಿದಾಗ ಹಲವರು ಹರ್ಷದಿಂದ ಕೂಗಿದರು. ಹಳೆಯ ದೇವಾಲಯ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಯಾವುದು ಅಳು, ಯಾವುದು ಹರ್ಷ ಎಂದು ತಿಳಿಯದಾಯಿತು. ಅತ್ತವರನ್ನು ಗ್ರಂಥ ಒಂದು ಮಾತಿನಿಂದಲೂ ಗದರಿಸುವುದಿಲ್ಲ.

ಕೊಲ್ಹಾಪುರ, ಗಡಹಿಂಗ್ಲಜದಲ್ಲಿ ನಮ್ಮ ಮೊಮ್ಮಕ್ಕಳ ಬಾಯಿಗೆ ಜಪಸರ ಮರಾಠಿಯಲ್ಲೇ ಸಲೀಸು. ಅಜ್ಜಿಯ ಕಣ್ಣು ತುಂಬುತ್ತದೆ, ತುಂಬಲಿ. ಆದರೆ ಹುಡುಗ ತೊದಲುತ್ತ ‘ನಮೋ ಮರಿಯಾ’ ಎಂದಾಗ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲಪ್ಪ’ ಎಂದರೆ, ಮುಂದಿನ ವಾರ ಅವನು ಪಕ್ಕದಲ್ಲಿ ಕೂರುವುದಿಲ್ಲ. ಅವನಿಗೀಗ ಹದಿನಾಲ್ಕಿರಬಹುದು. ಐವತ್ತು ವರ್ಷದ ಬಳಿಕ ಅವನು ಹಂಬಲಿಸುವ ಕಾಲ ಇದೇ. ಅಕ್ಟೋಬರ್ ಜಪಸರದ ತಿಂಗಳು. ಹತ್ತು ಮಣಿಗಳನ್ನಾದರೂ ಅವನೇ ಮುಂದಾಗಿ ಕನ್ನಡದಲ್ಲಿ ಹೇಳಲಿ, ಅಜ್ಜಿ ಹಿಂದಿನಿಂದ ದನಿಗೂಡಿಸಲಿ.